ಯಂತ್ರಗಳ ಸಂಭಾಷಣೆ ಮತ್ತು ಅದರ ಲೋಪಪರೀಕ್ಷೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯು ಬಹುಕಾಲ ಮಳೆಯ ದಾರಿಯನ್ನೇ ಕಾಯುತ್ತಿದ್ದ ಎರೆಯ ನಾಡು. ೧೯೬೪ರಲ್ಲಿ ಆಲಮಟ್ಟಿಯ ಬಳಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಂದಿನಿಂದ ಇಲ್ಲಿಯ ನೆಲವನ್ನು ಅಗೆಯುವ ಕೆಲಸವು ನಿಂತುದಿಲ್ಲವೆನ್ನಬಹುದು. ನಾರಾಯಣಪುರದ ಎಡದಂಡೆಯ ನೀರನ್ನು ತರುವ ಇಂಡಿ ಶಾಖಾ ಕಾಲುವೆ, ಏತ ನೀರಾವರಿಯ ಕಾಲುವೆಗಳು, ಸೊಲ್ಲಾಪುರದ ಹೆದ್ದಾರಿ, ಕೂಡಗಿಯ ವಿದ್ಯುತ್ ಸ್ಥಾವರ, ಇವೆಲ್ಲವೂ ಭಾರಯಂತ್ರಗಳ ದುಡಿಮೆಯನ್ನು ಬೇಡಿದುವು. ಮಾಡಿದ ಸಂಸ್ಥೆ ಯಾವುದೇ ಇರಲಿ, ಸರಪಳಿಯ ಮೇಲೆ ನಡೆಯುವ ಯಂತ್ರವನ್ನು ಜನರು 'ಹಿಟಾಚಿ' ಎಂದೂ ಗಾಲಿಯ ಮೇಲೆ ನಡೆಯುವುದನ್ನು 'ಜೆಸಿಬಿ' ಎಂದೂ ಕರೆದು ತಮ್ಮ ನುಡಿಗೆ ಸೇರಿಸಿಕೊಂಡಿರುವರು. ಅದರ ಒಳಗೆ ನಡೆಯುವ ಮಾತುಕತೆಯ ಪರಿಚಯವು ಮಾತ್ರ ಇನ್ನೂ ವಿರಳ.

ಹಿಂದಿನ ಯಂತ್ರದಲ್ಲಿ ಚಾಲಕನ ಕೈಯ ಸನ್ನೆಯು ಕಂಬಿಯ ಮೂಲಕವೋ ಎಣ್ಣೆಯ ಒತ್ತಡದ ಮೂಲಕವೋ ನೇರವಾಗಿ ಇಂಜಿನಿಗೂ ಬಾಹುವಿಗೂ ಮುಟ್ಟುತ್ತಿದ್ದಿತು. ಈಗಿನ ದೊಡ್ಡ ಯಂತ್ರಗಳಲ್ಲಿ ಇಂಜಿನಿಗೊಂದು, ಹೈಡ್ರಾಲಿಕ್ ಪಂಪಿಗೊಂದು, ಚಾಲಕನ ಮುಂದಿನ ಮಾನಿಟರಿಗೊಂದು, ಹೀಗೆ ಬೇರೆ ಬೇರೆ ಕಂಟ್ರೋಲರುಗಳಿದ್ದು, ಅವೆಲ್ಲವೂ ಒಂದಕ್ಕೊಂದು ಹೊಸೆದುಕೊಂಡ ಎರಡೇ ತಂತಿಗಳ ಮೇಲೆ ಮಾತನಾಡುವುವು. ಜರ್ಮನಿಯ ಬಾಷ್ ಸಂಸ್ಥೆಯು ಮೋಟಾರು ಗಾಡಿಗಳಿಗಾಗಿ ರಚಿಸಿ ೧೯೮೬ರಲ್ಲಿ ಪ್ರಕಟಿಸಿದ ಈ ಪದ್ಧತಿಗೆ 'ಕ್ಯಾನ್' ಎಂದು ಹೆಸರು. ಇದನ್ನು ಭಾರವಾಹನಗಳಿಗೆ ಹೊಂದಿಸಿ ಅಮೆರಿಕದ ವಾಹನ ಇಂಜಿನಿಯರರ ಸಂಘವು ಮಾಡಿದ ನಿಯಮಾವಳಿಯು 'ಜೆ ೧೯೩೯'. ಇದು ಬರಿಯ ಸಂಖ್ಯೆ, ಇಸವಿಯಲ್ಲ.

ಈ ಸಂಭಾಷಣೆಯ ವ್ಯಾಕರಣವು ಕುತೂಹಲಕರವಾದುದು. ಪ್ರತಿಯೊಂದು ಸಂದೇಶದ ತಲೆಯಲ್ಲಿಯೂ ಒಂದು ಗುರುತಿನ ಸಂಖ್ಯೆಯಿರುವುದು. ಇಬ್ಬರು ಒಂದೇ ಕ್ಷಣದಲ್ಲಿ ಬಾಯ್ದೆರೆದರೆ ಚಿಕ್ಕ ಸಂಖ್ಯೆಯ ಸಂದೇಶವು ಕೆಡದೆ ಮುಂದುವರಿಯುವುದು, ದೊಡ್ಡ ಸಂಖ್ಯೆಯದು ತಾನಾಗಿ ಹಿಂಜರಿದು ಕಾಯುವುದು. ಕೇಳಿದವರಿಗೆ ತಪ್ಪು ಕಂಡರೆ ಒಡನೆಯೇ ಆಕ್ಷೇಪಿಸುವರು, ಆಡಿದವನು ಮತ್ತೆ ಹೇಳುವನು. ಹೀಗೆ ಆಗಾಗ ಆಕ್ಷೇಪಕ್ಕೆ ಗುರಿಯಾದ ಕಂಟ್ರೋಲರು ತನ್ನ ತಪ್ಪುಗಳ ಲೆಕ್ಕವು ಮಿತಿ ಮೀರಿದೊಡನೆ ಮೌನವನ್ನು ತಾಳುವುದು. ಮನುಷ್ಯರ ಸಭೆಗಳಲ್ಲಿಯೂ ಇಷ್ಟು ಮರ್ಯಾದೆಯು ದುರ್ಲಭ! ಆದರೆ ಆಡಿದವನ ನಾಲಗೆಯು ಸರಿಯಾಗಿದ್ದು ನಡುದಾರಿಯ ತಂತಿಯೇ ಕೆಟ್ಟಿದ್ದರೂ ಫಲವು ಇದೇ ಮೌನ. ಪರೀಕ್ಷಕನ ಕಷ್ಟವೆಲ್ಲವೂ ಇಲ್ಲಿರುವುದು.

ಕಾಲುವೆಯ ದುರಸ್ತಿಯನ್ನು ನೀರು ನಿಲ್ಲಿಸಿದ ಬೇಸಗೆಯ ಕೆಲವೇ ವಾರಗಳಲ್ಲಿ ಮುಗಿಸಬೇಕಾಗುವುದು. ಅಂತಹ ಸಮಯದಲ್ಲಿ ಯಂತ್ರವು ಮುಂಜಾನೆ ಚೆನ್ನಾಗಿ ನಡೆದು, ಹೊತ್ತೇರಿದಂತೆ ಇಂಜಿನಿನ ವೇಗವು ಏರದೆ, ಮಾನಿಟರಿನಲ್ಲಿ ಹಲವು ದೋಷಸಂಖ್ಯೆಗಳು ಒಮ್ಮೆಗೇ ಮೂಡಿದರೆ, ಅವಸರದಲ್ಲಿ ಇಂಜಿನಿನ ಕಂಟ್ರೋಲರನ್ನೇ ಬದಲಿಸುವುದುಂಟು. ಅದು ಬೆಲೆಬಾಳುವ ವಸ್ತು. ಹೊಸದನ್ನು ಕೂರಿಸಿದ ಮೇಲೂ ದೋಷವು ಉಳಿದರೆ ಹಣವೂ ಹೋಯಿತು, ಹಂಗಾಮೂ ಹೋಯಿತು. ಕೆಲವು ವೇಳೆ ಬದಲಿಸುವ ಗಡಿಬಿಡಿಯಲ್ಲಿ ಕನೆಕ್ಟರು ಅಲುಗಿ ಯಂತ್ರವು ಒಂದೆರಡು ದಿನ ನಡೆಯುವುದು. ಇದು ಇನ್ನೂ ಕೆಟ್ಟದು. ರೋಗವು ಗುಣವಾಯಿತೆಂಬ ಭ್ರಾಂತಿಯು ನಿಜವಾದ ಶೋಧವನ್ನೇ ನಿಲ್ಲಿಸುವುದು.

ಹಲವು ಓಲೆಪ್ರತಿಗಳಲ್ಲಿ ಒಂದೇ ಲೋಪವು ಕಂಡಾಗ ಗ್ರಂಥಸಂಪಾದಕನು ಪ್ರತಿಯೊಬ್ಬ ಲಿಪಿಕಾರನನ್ನೂ ದೂರದೆ ಅವರೆಲ್ಲರಿಗೂ ಸಮಾನವಾಗಿದ್ದ ಮಾತೃಕೆಯನ್ನು ಶಂಕಿಸುವನಷ್ಟೆ. ಇಲ್ಲಿಯ ನ್ಯಾಯವೂ ಅದೇ. ದೋಷಸಂಖ್ಯೆಯನ್ನು ಓದುವಾಗ ಯಾರು ದೂರುತ್ತಿರುವರು, ಯಾರ ಮಾತು ಕೇಳಿಸಲಿಲ್ಲವೆನ್ನುತ್ತಿರುವರು ಎಂಬೆರಡನ್ನೂ ಗುರುತಿಸಬೇಕು. ಎಲ್ಲರೂ ಒಬ್ಬನನ್ನೇ ಕೇಳಲಾರದಿದ್ದರೆ ಅವನಿಗೆ ಬರುವ ವಿದ್ಯುತ್ತು, ಫ್ಯೂಸು, ಅರ್ಥಿನ ತಂತಿ, ಅವನ ಕವಲು, ಇಷ್ಟನ್ನು ಮೊದಲು ನೋಡಬೇಕು. ಯಾರಿಗೂ ಯಾರೂ ಕೇಳದಿದ್ದರೆ ಮೂಲತಂತಿಯೇ ಕೆಟ್ಟಿರುವ ಸಂಭವವು ಹೆಚ್ಚು.

ಇದನ್ನು ಅಳೆಯುವ ಉಪಾಯವು ಸುಲಭ. ಮೂಲತಂತಿಯ ಎರಡು ತುದಿಗಳಲ್ಲಿಯೂ ೧೨೦ ಓಮ್‌ಗಳ ಒಂದೊಂದು ಪ್ರತಿರೋಧವಿರುವುದು. ಸಂದೇಶವು ತುದಿಯನ್ನು ತಾಗಿ ಪ್ರತಿಧ್ವನಿಯಾಗಿ ಮರಳದಂತೆ ಅದು ತಡೆಯುವುದು. ಬ್ಯಾಟರಿಯನ್ನು ಕಡಿದು, ಸಾಮಾನ್ಯವಾಗಿ ಹಳದಿ ಮತ್ತು ಹಸಿರು ಬಣ್ಣದವಾಗಿರುವ ಆ ಎರಡು ತಂತಿಗಳ ನಡುವೆ ಮಲ್ಟಿಮೀಟರನ್ನು ಹಿಡಿದರೆ ೬೦ ಓಮ್ ತೋರಬೇಕು. ೧೨೦ ತೋರಿದರೆ ಒಂದು ತುದಿಯು ಕಳಚಿದೆ ಅಥವಾ ತಂತಿಯು ಹರಿದಿದೆ. ಸೊನ್ನೆಯ ಸಮೀಪವಾದರೆ ಎರಡೂ ತಂತಿಗಳು ಒಂದನ್ನೊಂದು ಮುಟ್ಟಿವೆ. ೪೦ ಆದರೆ ಬೇಡದ ಮೂರನೆಯ ಪ್ರತಿರೋಧವನ್ನು ಯಾರೋ ಸೇರಿಸಿರುವರು. ಕೆಲವು ಯಂತ್ರಗಳಲ್ಲಿ ಈ ಪ್ರತಿರೋಧವು ಕಂಟ್ರೋಲರಿನ ಒಳಗೇ ಇರುವುದರಿಂದ, ಅದನ್ನು ಬಿಚ್ಚಿಟ್ಟು ಅಳೆದು ೧೨೦ ಕಂಡು ಬೆದರಬೇಕಾದುದಿಲ್ಲ.

೬೦ ಬಂದೊಡನೆ ತಂತಿಯು ನಿರ್ದೋಷವೆಂದು ತೀರ್ಮಾನಿಸುವುದು ಸರಿಯಲ್ಲ. ಒಂದು ತಂತಿಯು ಸವೆದು ಯಂತ್ರದ ಕಬ್ಬಿಣಕ್ಕೆ ತಾಗಿದ್ದರೂ ಎರಡರ ನಡುವಣ ಅಳತೆಯು ೬೦ ಆಗಿಯೇ ತೋರಬಹುದು. ಆದುದರಿಂದ ಪ್ರತಿಯೊಂದು ತಂತಿಯನ್ನೂ ಕಬ್ಬಿಣದೊಡನೆ ಬೇರೆಯಾಗಿ ಅಳೆಯಬೇಕು. ಬಳಿಕ ಬ್ಯಾಟರಿಯನ್ನು ಜೋಡಿಸಿ ಕೀಲಿಯನ್ನು ತಿರುಗಿಸಿದಾಗ ಒಂದು ತಂತಿಯು ಎರಡೂವರೆ ವೋಲ್ಟಿಗೆ ತುಸು ಮೇಲೆಯೂ ಇನ್ನೊಂದು ತುಸು ಕೆಳಗೂ ನಿಲ್ಲಬೇಕು. ಒಂದು ಸೊನ್ನೆಗೆ ಇಳಿದರೆ ಅಥವಾ ಬ್ಯಾಟರಿಯ ೨೪ ವೋಲ್ಟಿಗೆ ಏರಿದರೆ, ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದು, ಯಾವುದನ್ನು ಬಿಚ್ಚಿದಾಗ ಅಳತೆಯು ಸರಿಹೋಗುವುದೋ ಆ ಕವಲನ್ನು ಹಿಡಿಯಬೇಕು.

ಬಿಸಿಲೇರಿದಾಗ ಮಾತ್ರ ಅಥವಾ ಬಾಹು ತಿರುಗಿದಾಗ ಮಾತ್ರ ಕಾಣುವ ದೋಷಕ್ಕೆ ನಿಂತ ಯಂತ್ರದ ಅಳತೆಯು ಸಾಲದು. ಮೀಟರನ್ನು ಜೋಡಿಸಿಯೇ ತಂತಿಯ ಕಟ್ಟನ್ನು ಗೇಣುಗೇಣಾಗಿ ಅಲುಗಿಸಿ ನೋಡಬೇಕು. ಒತ್ತಡದ ನೀರಿನಿಂದ ತೊಳೆದಾಗ ಕನೆಕ್ಟರಿನೊಳಗೆ ಇಳಿದ ತೇವ, ಪಿನ್ನಿನ ಮೇಲೆ ಕಟ್ಟಿದ ಹಸಿರು ಕಿಲುಬು, ಇಲಿ ಕಡಿದ ಹೊದಿಕೆ, ಇವು ಕೈಗೂ ಕಣ್ಣಿಗೂ ಸಿಕ್ಕುವ ಕಾರಣಗಳು. ಬಕೆಟ್ಟಿಗೆ ಬೆಸುಗೆ ಹಾಕುವಾಗ ಬ್ಯಾಟರಿಯನ್ನೂ ಕಂಟ್ರೋಲರುಗಳನ್ನೂ ಬಿಚ್ಚದಿದ್ದರೆ ಮಾತ್ರ ಕಂಟ್ರೋಲರೇ ನಿಜವಾಗಿ ಸುಡಬಹುದು; ಆದುದರಿಂದ ಈಚೆಗೆ ಬೆಸುಗೆಯೇನಾದರೂ ನಡೆಯಿತೇ ಎಂದು ಆಪರೇಟರನ್ನು ಮೊದಲೇ ಕೇಳುವುದು ಲೇಸು. ದುರಸ್ತಿಯಾದ ಮೇಲೆ ಹಳೆಯ ದೋಷಸಂಖ್ಯೆಗಳನ್ನು ಅಳಿಸಿ, ಮೊದಲು ಕೆಟ್ಟ ಹೊತ್ತಿನಲ್ಲಿಯೇ, ಆ ಬಿಸಿಲಿನಲ್ಲಿಯೇ, ತುಂಬಿದ ಬಕೆಟ್ಟಿನೊಡನೆ ಯಂತ್ರವನ್ನು ದುಡಿಸಿ ನೋಡತಕ್ಕುದು.