ಹವಾಯಿಯ ನೆಲದ ಜೀರುಂಡೆಗಳಲ್ಲಿ ಸ್ಥಳೀಯ ಯಾವುವು, ವಲಸೆ ಬಂದವು ಯಾವುವು?

ಹವಾಯಿಯ ನೆಲದ ಜೀರುಂಡೆಗಳಲ್ಲಿ ಹೆಚ್ಚಿನವು ಜಗತ್ತಿನ ಬೇರೆಲ್ಲೂ ಸಿಗದ ಸ್ಥಳೀಯ ಪ್ರಭೇದಗಳು. ಸಾಗರ ದಾಟಿ ಬಂದ ಕೆಲವೇ ಪೂರ್ವಜರ ಸಂತತಿ ಇಲ್ಲಿ ಕವಲೊಡೆದು ನೂರಾರು ಪ್ರಭೇದಗಳಾಗಿ ಬೆಳೆಯಿತು. ಮಾವಿ ದ್ವೀಪದ ಹಾಲೆಯಾಕಲಾ ಜ್ವಾಲಾಮುಖಿಯೊಂದರಲ್ಲೇ ಮೆಸಿಕ್ಲೊಥೊರಾಕ್ಸ್ ಕುಲದ 116 ಪ್ರಭೇದಗಳು ದಾಖಲಾಗಿವೆ. ಒಂದೇ ಬೆಟ್ಟಕ್ಕೆ ಇದು ಬೆರಗಿನ ಸಂಪತ್ತು! ಪಾಚಿ, ಜರೀಗಿಡ, ಕೊಳೆತ ಮರಗಳ ನಡುವೆ ಬದುಕುವ ಇವುಗಳಲ್ಲಿ ಬಹುಪಾಲು ಹಾರಲಾರವು. ಒಂದು ಇಳಿಜಾರಿನ ಕಾಡು ಅಳಿದರೆ ಅಲ್ಲಿಯ ಪ್ರಭೇದಕ್ಕೆ ಬೇರೆ ನೆಲೆಯೇ ಇಲ್ಲ.

ಮನುಷ್ಯರ ಓಡಾಟ, ಸರಕಿನ ಸಾಗಣೆಯೊಂದಿಗೆ ಬಂದ ಪ್ರಭೇದಗಳು ಸಂಖ್ಯೆಯಲ್ಲಿ ಕಡಿಮೆ. ಆದರೆ ಯುರೋಪ್ ಮೂಲದ ಟ್ರೆಕಸ್ ಒಬ್ಟುಸಸ್ 1998ರಲ್ಲಿ ಮಾವಿಯಲ್ಲಿ ಪತ್ತೆಯಾಗಿ, ಹಾಲೆಯಾಕಲಾದ ಎತ್ತರದ ಇಳಿಜಾರುಗಳಿಗೂ ಹಬ್ಬಿತು. ಸ್ಥಳೀಯ ಜೀರುಂಡೆಗಳು ಬೇಟೆಯಾಡುವ ನೆಲದಲ್ಲೇ ಅದೂ ಸಣ್ಣ ಕೀಟಗಳನ್ನು ಹಿಡಿಯುವುದರಿಂದ ಅದರ ವಿಸ್ತರಣೆ ನಿಜಕ್ಕೂ ಆತಂಕದ ಸಂಗತಿ.