ಸೊಪ್ಪು ಒಣಗಿಸುವುದು: ಮಲೆನಾಡಿನ ಜೈನ ಮನೆಗಳಲ್ಲಿ ಯಾವಾಗ, ಹೇಗೆ, ಎಲ್ಲಿಯವರೆಗೆ?

ಸಕಲೇಶಪುರ, ಆಲೂರು ಭಾಗದ ಬೆಟ್ಟಗಳಲ್ಲಿ ಸೊಪ್ಪು ಹೇರಳವಾಗಿ ಚಿಗುರುವುದು ಮಳೆಗಾಲದಲ್ಲಿ. ಕೆಸು, ಒಂದೆಲಗ ಬೇಲಿಯಂಚಿನಲ್ಲಿ, ತೋಟದ ಬದುಗಳಲ್ಲಿ ತಾವಾಗಿಯೇ ಬೆಳೆಯುತ್ತವೆ. ಅಕ್ಕಪಕ್ಕದ ಮನೆಗಳಲ್ಲಿ ಪತ್ರೊಡೆ ಬೇಯುವ ಆ ತಿಂಗಳುಗಳೇ ಜೈನ ಮನೆಗಳಲ್ಲಿ ಸೊಪ್ಪು ಬಿಡುವ ಕಾಲ. ಚಾತುರ್ಮಾಸದಲ್ಲಿ ಎಲೆಯ ಹಿಂಬದಿಯಲ್ಲಿ, ಮಡಿಕೆಗಳಲ್ಲಿ ಸೂಕ್ಷ್ಮ ತ್ರಸ ಜೀವಿಗಳು ಹೆಚ್ಚುತ್ತವೆ. ಎಷ್ಟು ತೊಳೆದರೂ ಹಿಂಸೆ ತಪ್ಪುವುದಿಲ್ಲವೆಂಬುದೇ ಈ ನಿಯಮದ ಕಾರಣ.

ಹಾಗಾದರೆ ಬೇಸಿಗೆಯಲ್ಲೇ ಒಣಗಿಸಿಟ್ಟ ಸೊಪ್ಪನ್ನು ಆಗ ಬಳಸಬಹುದೇ? ಹಲವು ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯಿದು. ಬೇಯಿಸುವುದು, ಉಪ್ಪು ಹುಳಿ ಬೆರೆಸುವುದು ಇವುಗಳಂತೆ ಒಣಗಿಸುವುದರಿಂದಲೂ ಸಚಿತ್ತ ವಸ್ತು ಅಚಿತ್ತವಾಗುತ್ತದೆ ಎನ್ನುತ್ತದೆ ಶಾಸ್ತ್ರ. ಆದರೆ ಇದು ಎಲೆಯಲ್ಲಿದ್ದ ಜೀವದ ಮಾತಾಯಿತು. ಒಣಗಿದ ಮೇಲೆ ತೇವ ಹೀರಿ ಅದರಲ್ಲಿ ಹೊಸದಾಗಿ ಹುಟ್ಟುವ ಹುಳು, ಬೂಷ್ಟಿನ ಮಾತು ಬೇರೆ. ಮಲೆನಾಡಿನಲ್ಲಿ ಇದೇ ದೊಡ್ಡದು.

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಕರಾವಳಿಯ ಗೋದಾಮುಗಳಲ್ಲಿ ಕಾಫಿ ಬೀಜವನ್ನು ಮುಂಗಾರಿನ ಗಾಳಿಗೆ ಹರಡಿ, ಬೇಕೆಂದೇ ಉಬ್ಬಿಸಿ 'ಮಾನ್ಸೂನ್ಡ್ ಮಲಬಾರ್' ತಯಾರಿಸುತ್ತಾರೆ. ಅಷ್ಟು ಗಟ್ಟಿ ಬೀಜವೇ ಗಾಳಿಯಿಂದ ನೀರು ಹೀರುವುದಾದರೆ, ಕಾಗದದಂಥ ಎಲೆ ಎಷ್ಟು ಹೀರಬೇಡ! ಆದ್ದರಿಂದ ಇಲ್ಲಿ ಒಣಸೊಪ್ಪನ್ನು ಮಳೆಗಾಲದ ದಾಸ್ತಾನೆಂದು ನೋಡುವುದಕ್ಕಿಂತ, ಹಿತ್ತಲು ಒಣಗುವ ಮಾರ್ಚ್‌ನಿಂದ ಮೇವರೆಗಿನ ಆಸರೆಯೆಂದು ನೋಡುವುದೇ ಸರಿ. ಆಷಾಢ ಶುದ್ಧ ಚತುರ್ದಶಿಗೆ ಮೊದಲೇ ಅದನ್ನು ಮುಗಿಸಬೇಕು. ಶ್ವೇತಾಂಬರ ಸಂಪ್ರದಾಯದ ಅನೇಕ ಮನೆಗಳಲ್ಲಿ ಫಾಲ್ಗುಣ ಚತುರ್ದಶಿಯಿಂದಲೇ ಸೊಪ್ಪು ನಿಲ್ಲುತ್ತದೆ. ಅಂಥವರಿಗೆ ಅವಧಿ ಇನ್ನೂ ಕಡಿಮೆ. ವಿಶೇಷ ನಿಯಮ ತೆಗೆದುಕೊಂಡವರು ತಮ್ಮ ಗುರುಗಳನ್ನೇ ಕೇಳುವುದು ಒಳ್ಳೆಯದು.

ಒಣಗಿಸಲು ತಕ್ಕ ಕಾಲ ಜನವರಿ, ಫೆಬ್ರವರಿ. ಕಣದಲ್ಲಿ ಕಾಫಿ ಒಣಗುವ ದಿನಗಳೇ ಇವು. ಮೆಂತ್ಯ, ನುಗ್ಗೆ, ಕರಿಬೇವು, ಚಕ್ರಮುನಿ, ಪುದೀನ ಚೆನ್ನಾಗಿ ಒಣಗುತ್ತವೆ. ಬಸಳೆ, ದೊಡ್ಡಪತ್ರೆಯಂಥ ರಸಭರಿತ ಎಲೆಗಳ ಗೊಡವೆಗೆ ಹೋಗದಿರುವುದೇ ಲೇಸು.

ಸೊಪ್ಪನ್ನು ಹಗಲು ಬೆಳಕಿನಲ್ಲೇ ಬಿಡಿಸಬೇಕು. ಪ್ರತಿ ಎಲೆಯ ಎರಡೂ ಬದಿ ನೋಡಿ, ಹುಳುವಿದ್ದರೆ ಆ ಎಲೆಯ ಸಮೇತ ಗಿಡದ ಬಳಿಯೇ ಬಿಡಬೇಕು. ಸೋಸಿದ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಲು ಬಿಡಬೇಕು. ಆಮೇಲೆ ಗಾಳಿಯಾಡುವ ನೆರಳಿನಲ್ಲಿ, ಒಂದರ ಮೇಲೊಂದು ಬೀಳದಂತೆ ತೆಳುವಾಗಿ ಹರವಿ, ಮೇಲೆ ತೆಳುಬಟ್ಟೆ ಮುಚ್ಚಬೇಕು. ನೇರ ಬಿಸಿಲಿನಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣವೂ ವಿಟಮಿನ್ 'ಎ' ಒದಗಿಸುವ ಅಂಶವೂ ಹೆಚ್ಚು ನಷ್ಟವಾಗುತ್ತವೆ. 'ಸಿ' ವಿಟಮಿನ್ ಹೇಗೆ ಒಣಗಿಸಿದರೂ ಬಹುಪಾಲು ಹೋಗುತ್ತದೆ. ಕಬ್ಬಿಣ, ಸುಣ್ಣದ ಅಂಶ ಉಳಿಯುತ್ತವೆ.

ಇಬ್ಬನಿ ಕರಗುವವರೆಗೆ ಸೊಪ್ಪನ್ನು ಹೊರಗಿಡಬಾರದು. ಸಂಜೆ ಸೂರ್ಯಾಸ್ತಕ್ಕೆ ಮುನ್ನ ಒಳತರಲೇಬೇಕು, ಇಲ್ಲದಿದ್ದರೆ ಹಗಲು ಹೋದ ತೇವ ರಾತ್ರಿ ಮರಳುತ್ತದೆ, ದೀಪಕ್ಕೆ ಬಂದ ಕೀಟಗಳೂ ಬೀಳುತ್ತವೆ. ಮೂರು ನಾಲ್ಕು ದಿನ ಬೇಕಾಗಬಹುದು. ಕಾಫಿಯಲ್ಲಿ ಶೇ. 10ರ ಆಸುಪಾಸು ತೇವ ಉಳಿದರೂ ನಡೆಯುತ್ತದೆ, ಸೊಪ್ಪು ಅದಕ್ಕಿಂತ ಒಣಗಬೇಕು: ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಬೇಕು, ದಂಟು ಬಾಗದೆ ಮುರಿಯಬೇಕು. ಒಂದು ಕಿಲೋ ಬಿಡಿಸಿದ ಮೆಂತ್ಯಸೊಪ್ಪು ಸುಮಾರು 150 ಗ್ರಾಂಗೆ ಇಳಿಯುತ್ತದೆ.

ದೊಡ್ಡ ಡಬ್ಬಿಯೊಂದರ ಬದಲು ವಾರಕ್ಕೊಂದು ಸಾಕಾಗುವ ಸಣ್ಣ ಗಾಜಿನ ಶೀಶೆಗಳಲ್ಲಿ ತುಂಬಿಟ್ಟರೆ ಉಳಿದದ್ದಕ್ಕೆ ಗಾಳಿ ತಾಗುವುದಿಲ್ಲ. ಮೊದಲ ಮಳೆ ಬಿದ್ದ ಮೇಲೂ ಉಳಿದಿದ್ದರೆ, ಪರೀಕ್ಷಿಸಿ ನೋಡಿ, ಉದ್ದಿನಬೇಳೆ, ಒಣಮೆಣಸು, ಇಂಗಿನೊಡನೆ ಹುರಿದು ಚಟ್ನಿಪುಡಿ ಮಾಡಿ ಬೇಗ ಖಾಲಿ ಮಾಡಬಹುದು. ಎಲೆ ಮೆತ್ತಗಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಅದು ಅಡುಗೆಗೆ ಸಲ್ಲದು. ಜಾಲ, ಹುಳು ಕಂಡ ಸೊಪ್ಪನ್ನು ಬಿಸಿಲಿಗೆ ಹಾಕುವುದಾಗಲಿ ಒಲೆಗೆ ಸುರಿಯುವುದಾಗಲಿ ಮಾಡದೆ, ಮಳೆ ಬೀಳದ ನೆರಳಿನ ಜಾಗದಲ್ಲಿ, ಗಿಡದ ಬುಡದಲ್ಲಿ ಮೆಲ್ಲನೆ ಬಿಟ್ಟು ಬರಬೇಕು.