ಕದವಿಕ್ಕಿ ಬದುಕುವ ಜೇಡ: ಸಾಕುವ ಮುನ್ನ ತಿಳಿದಿರಲಿ

ಪಶ್ಚಿಮ ಆಸ್ಟ್ರೇಲಿಯಾದ ಮೀಸಲು ಕಾಡೊಂದರಲ್ಲಿ ಜೇಡತಜ್ಞೆ ಬಾರ್ಬರಾ ಯಾರ್ಕ್ ಮೇನ್ ಅವರು 1974ರಲ್ಲಿ ಪುಟ್ಟ ಬಿಲವೊಂದಕ್ಕೆ 16ನೇ ಸಂಖ್ಯೆ ನೀಡಿದರು. ಅದರೊಳಗಿದ್ದ ಹೆಣ್ಣು ಟ್ರ್ಯಾಪ್‌ಡೋರ್ ಜೇಡ ಅದೇ ಬಿಲದಲ್ಲಿ ಬಾಳಿ, 2016ರಲ್ಲಿ ತನ್ನ 43ನೇ ವಯಸ್ಸಿನಲ್ಲಿ ಸತ್ತಿತು. ಪರಾವಲಂಬಿ ಕಣಜವೊಂದು ಅದನ್ನು ಕೊಂದಿರಬೇಕೆಂಬುದು ಸಂಶೋಧಕರ ಅಭಿಪ್ರಾಯ.

ಈ ಬಗೆಯ ಜೇಡಗಳನ್ನು ಸಾಕುವ ಹವ್ಯಾಸ ವಿದೇಶಗಳಲ್ಲಿದೆ. ಅದಕ್ಕೆ ಕೈಹಾಕುವವರು ಅರಿಯಬೇಕಾದ ಸತ್ಯವೊಂದಿದೆ: ಇಲ್ಲಿ ಸಾಕಬೇಕಾದದ್ದು ಜೇಡವನ್ನಷ್ಟೇ ಅಲ್ಲ, ಅದರ ಬಿಲವನ್ನು.

ಜೇಡವು ಮಣ್ಣನ್ನು ತೋಡಿ, ಒಳಗೋಡೆಗೆ ತನ್ನ ನೂಲಿನ ಲೇಪ ಕೊಡುತ್ತದೆ. ಬಾಯಿಗೆ ಮಣ್ಣು ಮತ್ತು ನೂಲಿನಿಂದ ಕೀಲುಳ್ಳ ಮುಚ್ಚಳ ಹೆಣೆಯುತ್ತದೆ. ಆದ್ದರಿಂದ ಪೆಟ್ಟಿಗೆಯ ಅಗಲಕ್ಕಿಂತ ಮಣ್ಣಿನ ಆಳ ಮುಖ್ಯ. ಬೆಳೆದ ಜೇಡಕ್ಕೆ ಕನಿಷ್ಠ 15ರಿಂದ 20 ಸೆಂಟಿಮೀಟರ್ ಆಳವಾದರೂ ಬೇಕು. ಬರಿಯ ತೆಂಗಿನ ನಾರಿನ ಪುಡಿ ಕುಸಿಯುವುದರಿಂದ ಜೇಡಿಮಣ್ಣು ಮತ್ತು ಮರಳು ಬೆರೆಸಿ ಗಟ್ಟಿಯಾಗಿ ಒತ್ತುವುದು ಲೇಸು. ಕಡ್ಡಿಯಿಂದ ಸಣ್ಣ ಕುಳಿ ಮಾಡಿಕೊಟ್ಟರೆ ಜೇಡ ಅಲ್ಲಿಂದ ಕೆಲಸ ಆರಂಭಿಸುತ್ತದೆ.

ಬಂಧನದಲ್ಲಿ ಇವುಗಳ ದೊಡ್ಡ ಶತ್ರು ಒಣಹವೆ. ಮೇಲ್ಮೈ ಕೊಂಚ ಒಣಗಿದ್ದರೂ ತಳದ ಮಣ್ಣು ತೇವವಾಗಿರಬೇಕು. ಆದರೆ ಕೆಸರಾಗಬಾರದು, ಗಾಳಿಯಾಡಲು ರಂಧ್ರಗಳಿರಬೇಕು.

ರಾತ್ರಿ ಜೇಡವು ಮುಚ್ಚಳದ ಹಿಂದೆ ಹೊಂಚು ಹಾಕಿರುತ್ತದೆ. ಹೊರಗೆ ಹರಿಯುವ ಕೀಟದ ಕಂಪನ ತಾಗಿದೊಡನೆ ನುಗ್ಗಿ ಹಿಡಿದು ಒಳಗೆಳೆಯುತ್ತದೆ. ವಾರಕ್ಕೊಮ್ಮೆ ಸಣ್ಣ ಮಿಡತೆ ಅಥವಾ ಜಿರಲೆ ಸಾಕು. ತಿನ್ನದೆ ಉಳಿದ ಕೀಟವನ್ನು ಮರುದಿನ ತೆಗೆಯಬೇಕು. ಪೊರೆ ಕಳಚುವಾಗ ಮೈ ಮೆತ್ತಗಿರುವ ಜೇಡವನ್ನು ಅದೇ ಕಚ್ಚಬಹುದು. ಪೊರೆ ಕಳಚುವ ಮುನ್ನ ಜೇಡ ಮುಚ್ಚಳವನ್ನು ನೂಲಿನಿಂದ ಬಿಗಿದುಕೊಳ್ಳುವುದುಂಟು. ವಾರಗಟ್ಟಲೆ ಕಾಣಿಸಲಿಲ್ಲವೆಂದು ಬಿಲ ಅಗೆದು ನೋಡುವುದೇ ಹವ್ಯಾಸಿಗಳು ಮಾಡುವ ಮಾರಕ ತಪ್ಪು.

ಗಂಡು ಜೇಡ ಪ್ರಾಯಕ್ಕೆ ಬಂದಾಗ ಬಿಲ ತೊರೆದು ಹೆಣ್ಣನ್ನರಸಿ ಅಲೆಯುತ್ತದೆ, ಬಹುಕಾಲ ಬಾಳದು. ಹೆಣ್ಣಾದರೋ ದಶಕಗಳ ಹೊಣೆ. ಕಾಡಿನ ಬಿಲ ಒಡೆದು ತಂದರೆ ವರ್ಷಗಳ ಮನೆಯೊಂದು ಅಳಿಯುತ್ತದೆ; ಬಂಧನದಲ್ಲೇ ಹುಟ್ಟಿದ ಮರಿಯನ್ನು ಪಡೆಯುವುದೇ ಸರಿಯಾದ ಮಾರ್ಗ.

ಪಶ್ಚಿಮ ಘಟ್ಟಗಳಲ್ಲಿಯೂ ಇವುಗಳ ಬಂಧುಗಳಿವೆ. ಅವುಗಳನ್ನು ಪೆಟ್ಟಿಗೆಗೆ ತರಬೇಕಿಲ್ಲ. ಇಳಿಜಾರಿನ ಮಣ್ಣಿನಲ್ಲಿ ನಾಣ್ಯದಗಲದ ಮುಚ್ಚಳ ಕಂಡರೆ ಎತ್ತದೆ, ದೂರದಿಂದ ನೋಡಿ ಮುಂದೆ ಸಾಗಿದರೆ ಸಾಕು.